ಬಂಡೆಯ ಮೇಲಿನ ಮೊಸಳೆ

ಇಲ್ಲ ಐತು, ಮೊಸಳೆ ಇತ್ತು. ಹೊಳೆಯ ಆಚೆ ದಡ, ಚಪ್ಪಟೆ ಬಂಡೆ. ಹನ್ನೆರಡು ವರ್ಷದಿಂದ ಚಳಿಗಾಲ ಬಂತು ಅಂದ್ರೆ ಹತ್ತು ಗಂಟೆಗೆ ಅದು ಅಲ್ಲೇ ಬಿಸಿಲು ಕಾಯಿಸ್ತಾ ಬಿದ್ದಿರುತ್ತೆ. ಜೀಪು ಓಡಿಸೋನು, ನಿನಗೆ ಗೊತ್ತಿಲ್ವಾ? … ಯಾಕೆ ನಗ್ತೀಯ? ನಕ್ಕಿದ್ದು ಕೇಳಿಸ್ತು.

ರಾಯಪುರದಿಂದ ಬಂದಿದ್ದ ಆ ಗಂಡ-ಹೆಂಡತಿ ದೂರಿನ ಪುಸ್ತಕದಲ್ಲಿ ಬರೆದಿದ್ದನ್ನ ನೀನೇ ಓದಿದೆಯಲ್ಲ. 'ಗೈಡ್ ಮಂಗ್ಡು ಕಲ್ಲು ತೋರಿಸಿ ಮೊಸಳೆ ಅಂದ, ಎಲೆ ತೋರಿಸಿ ಮೈನಾ ಅಂದ.' ಅಷ್ಟುದ್ದದ ಕ್ಯಾಮೆರಾ ಇಟ್ಕೊಂಡು ಕಾಣಿಸ್ಲಿಲ್ಲ ಅಂದ್ರೆ ತಪ್ಪು ಯಾರದು? ಕಾಡು ನೋಡೋಕೆ ಕಣ್ಣಿದ್ರೆ ಸಾಲದು ಮಾರಾಯ.

ಅದೇ ಮನುಷ್ಯ ಗುಹೆಯೊಳಗೆ ಹೇಗಿದ್ದ, ಗೊತ್ತಾ? ಕುರುಡು ಮೀನಿನ ಹೊಂಡದ ಹತ್ರ ಪೂರ್ತಿ ಕತ್ತಲು ಹೇಗಿರುತ್ತೆ ಅಂತ ತೋರಿಸೋಕೆ ನಮ್ಮ ಪದ್ಧತಿಯಂತೆ ದೀಪ ಆರಿಸಿದೆ. ಅಷ್ಟೇ. ನನ್ನ ಟವೆಲಿನ ತುದಿ ಹಿಡ್ಕೊಂಡು, ಅಮ್ಮನ ಸೆರಗು ಹಿಡಿದ ಮಗು ಥರ… ದೀಪ ಮತ್ತೆ ಹಚ್ಚೋದು ಮರೆತೆ, ಹೌದು. ಮರೆತೆ. ಆದ್ರೆ ಕತ್ತಲಲ್ಲೇ ಒಬ್ಬರ ತಲೆಯೂ ತಾಗದ ಹಾಗೆ ಹೊರಗೆ ತಂದೆ. ಅದನ್ನ ಬರೆದನಾ?

ಸಂಜೆ ಗೈಡುಗಳ ಸಮಿತಿ ಕೂರುತ್ತೆ. ನಿನ್ನನ್ನೇ ಕೇಳ್ತಾರೆ. 'ಮೊಸಳೆ ಇತ್ತು, ನಾನೂ ನೋಡಿದೆ' ಅನ್ನು. ಒಂದೇ ಮಾತು. ಸುಳ್ಳು ಹೇಳು ಅಂತಿಲ್ಲ. ಗುಹೆಯ ಕಲ್ಲು ಮುರಿದ ಅಂತ ಸ್ವಂತ ಅಳಿಯನನ್ನೇ ಸಮಿತಿ ಮುಂದೆ ನಿಲ್ಲಿಸಿದವನು, ನಾನು ಸುಳ್ಳು ಹೇಳಿಸ್ತೀನಾ?

ಏನಾದ್ರೂ ಮಾತಾಡು.

ನಾಳೆ ಶಾಲೆಯಿಂದ ನಲವತ್ತು ಮಕ್ಕಳು ಬರ್ತಾರೆ. ಪಾಳಿ ನಂದು. ಹೆಸರು ಹೊಡೆದು ಹಾಕಿದ್ರೆ ನಾನೇನು ಮಾಡ್ಲಿ? ನಿಮ್ಮಕ್ಕನ ಜೊತೆ ಕೂತು ಎಲೆಯ ದೊನ್ನೆ ಹೊಲಿಯಲಾ? … ಭಾವ ಅನ್ನೋ ಮರ್ಯಾದೆ ಬೇಡ, ವಯಸ್ಸಿಗಾದ್ರೂ ಬೆಲೆ ಕೊಡು.

ಹೋಗ್ಲಿ, ಗಂಜಿ ಕುಡಿ. ದೊನ್ನೆ ಹಿಡ್ಕೋ. … ಹಿಡ್ಕೋ ಅಂದೆ. ಕೈ ನೋಯ್ತಿದೆ ಕಣೋ.

ಐತು?

ನಿನ್ನ ಕೋಟು ಇಲ್ಲಿದೆಯಲ್ಲ. ಕೋಟಿನ ಒಳಗೆ… ಕಲ್ಲು. ಕಲ್ಲಿಗೆ ಹೊದಿಸಿದ್ದೀಯ.

ಬೀಡಿ ವಾಸನೆ ಎದುರಿನಿಂದ ಬರ್ತಿದೆ. ಅಲ್ಲಿರೋದು ಸಾಲ್ ಮರ ಅಂದ್ಕೊಂಡಿದ್ದೆ. ನೀನಾ? ಅಷ್ಟೂ ಹೊತ್ತು ಅಲ್ಲೇ ನಿಂತು ನೋಡ್ತಿದ್ಯಾ?

… ಯಾವಾಗಿಂದ ಅಂತೀಯಾ? ಹೋದ ಮಳೆಗಾಲದಿಂದ. ಮೊದಲು ಮಂಜು ಕವಿದ ಹಾಗೆ. ಈಗ ಬೆಳಕು ಗೊತ್ತಾಗುತ್ತೆ, ನೆರಳು ಗೊತ್ತಾಗುತ್ತೆ. ಗುಹೆಯೊಳಗೆ ಏನೂ ವ್ಯತ್ಯಾಸ ಇಲ್ಲ ಐತು, ಆಣೆ. ಒಂದೊಂದು ಮೆಟ್ಟಿಲೂ ಕಾಲಿಗೆ ಗೊತ್ತು.

ಹೌದು, ನಲವತ್ತು ಮಕ್ಕಳು. ನೀನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಸಮಿತಿಗೆ ನಾನೇ ಹೇಳ್ತೀನಿ. ನೀನು ಹೇಳಬೇಡ.

ಇಲ್ಲಿಂದ ಜೀಪಿಗೆ ಹೋಗೋ ದಾರಿಯಲ್ಲಿ ನಿನ್ನೆ ಎಡವಿದೆ. ಬಾ. ಟವೆಲಿನ ಈ ತುದಿ ಹಿಡ್ಕೊಂಡು ನೀನು ಮುಂದೆ ನಡೆ.