ಕಾಲಿಗೆ ಬಿದ್ದ ಹೆಂಡತಿ

ಬೆಳಿಗ್ಗೆ ಎಂಟೂವರೆ. ಯುದ್ಧದಿಂದ ಪೆಟ್ರೋಲ್ ಸಿಗದ ಕಾರಣ ಮೂಡಿಗೆರೆಯಲ್ಲಿ ಬಸ್ಸು ಓಡಿಸುವ ಇದ್ದಿಲು ಒಲೆಗೆ ಗಾಳಿ ಹಾಕುತ್ತಿದ್ದರು. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಮತ್ತು ಅವರ ತಮ್ಮ ನಿಂತಿದ್ದರು. ತಮ್ಮ ಕಥೆಗಾರನೆಂದು ಮಾತಿನಿಂದ ಗೊತ್ತಾಯಿತು.

“ಕಥೇಲಿ ಹೆಸರು ಬದಲಾಯಿಸಿದೀನಲ್ಲ ಅಕ್ಕ.”

“ಹೆಸರು ಹಾಳಾಗ್ಲಿ. ಬಿಟ್ಟು ಹೋದ ಗಂಡ ವಾಪಸು ಬಂದಾಗ ಹೆಂಡ್ತಿ ಕಾಲಿಗೆ ಬಿದ್ಲು ಅಂತ ಯಾಕೆ ಬರ್ದೆ ಮಂಜಯ್ಯ? ಹೋದ ವರ್ಷ ನಿನ್ನ ಭಾವ ಬಂದಾಗ ನಾನು ಅಗಳಿ ಹಾಕಿದ್ದು ನೀನೇ ನೋಡಿದೀಯ.”

“ಬಾಗಿಲು ಹಾಕಿದ್ರೆ ಓದೋರಿಗೆ ಹಿಡಿಸಲ್ಲ. ಕೊನೇಲಿ ಕಣ್ಣೀರು ಬರ್ಬೇಕು.”

“ಬಂತಲ್ಲ, ನಿನ್ನ ಭಾವಂಗೆ! ನಿನ್ನೆ ಪತ್ರಿಕೆ ಹಿಡ್ಕೊಂಡು ಬಂದು ಜಗಲಿ ಮೇಲೆ ಕೂತವರು ಏಳ್ತಾ ಇಲ್ಲ. ‘ನಿನ್ನ ಮನಸ್ಸು ಈಗ ತಿಳೀತು’ ಅಂತಾರೆ.”

“ಭಾವ ಕಥೆ ಓದ್ತಾರಾ?”

“ನಗಬೇಡ ಮಾರಾಯ, ಮೈ ಉರೀತದೆ. ಅಷ್ಟು ವರ್ಷ ತೋಟ ಒಬ್ಳೇ ನೋಡ್ಕೊಂಡೆ. ಇನ್ನು ಅವರು ಯಜಮಾನರಾಗಿ ಕೂತ್ರೆ ನೀನು ಅದನ್ನೂ ಕಥೆ ಮಾಡ್ತೀಯ.”

“ಈಗೇನು ಮಾಡ್ಲಿ?”

“ಬರೆದದ್ದು ಸುಳ್ಳು ಅಂತ ಅವರ ಎದುರು ಬಂದು ಹೇಳು.”

“ಸುಳ್ಳಲ್ಲಕ್ಕ, ಕಲ್ಪನೆ.”

“ಅದನ್ನೂ ಅವರಿಗೇ ಹೇಳು.”

ಆಕೆ ಕೊಟ್ಟಿಗೆಹಾರಕ್ಕೆ ಎರಡು ಟಿಕೆಟ್ ಕೊಂಡರು. ಸಂಜೆಯ ಬಸ್ಸಿನಲ್ಲಿ ವಾಪಸು ಬರಲು ಇಬ್ಬರು ಗಂಡಸರಿಗೆ ಸೀಟು ಇಡುವಂತೆ ಕಂಡಕ್ಟರಿಗೆ ಹೇಳಿ, ತಮ್ಮನನ್ನು ಮುಂದೆ ಹತ್ತಿಸಿದರು.