ಬಾ ಇಲ್ಲೆ ಅಂದವರು ಯಾರು

ನಗೋರು ಈಗಲೇ ನಕ್ಕುಬಿಡಿ. ಇದು ನನ್ನ ಚಿಕ್ಕಪ್ಪನ ಮಗಳು ಸುವರ್ಣಾಗೆ ಆಗಿದ್ದು. ಹೋದ ಡಿಸೆಂಬರ್‌ನಲ್ಲಿ, ಇಲ್ಲೇ ಲಂಡನ್ನಿನ ಎಜ್‌ವೇರ್‌ನಲ್ಲಿ.

ಅವಳ ಮಾವ ವೀರಣ್ಣನವರನ್ನ ನೀವು ಯುಗಾದಿಗೆ ನೋಡಿದ್ದೀರಿ. ಧಾರವಾಡದವರು, ಮರೆವಿನ ಕಾಯಿಲೆ. ಮೊದಲು ಇಂಗ್ಲಿಷ್ ಮರೆತರು, ಆಮೇಲೆ ಮನೆ ದಾರಿ. ಕನ್ನಡ ಒಂದು ಉಳಿದಿತ್ತು. ಯಾರಾದರೂ ಕನ್ನಡದಲ್ಲಿ ಕರೆದರೆ ಸಾಕು, ಹಿಂದೆಯೇ ಹೊರಟುಬಿಡೋರು.

ಅವತ್ತು ಮಧ್ಯಾಹ್ನ ಸುವರ್ಣಾ ಸ್ನಾನ ಮುಗಿಸಿ ಬರೋದರೊಳಗೆ ಬಾಗಿಲು ತೆರೆದಿತ್ತು. ಮಾವ ಇಲ್ಲ. ಕೋಟು ಗೂಟದಲ್ಲೇ, ಚಪ್ಪಲಿ ಮೂಲೆಯಲ್ಲೇ. ಹೊರಗೆ ನೀರು ಹೆಪ್ಪುಗಟ್ಟೋ ಚಳಿ. ಪೊಲೀಸರಿಗೆ ಹೇಳಿದ್ದಾಯ್ತು. ಗಂಡ ಸೂರಜ ಕಾರು ತಗೊಂಡು ಸ್ಟೇಷನ್ ಕಡೆ ಹೋದ, ಇವಳು ನಡೆದೇ ಹೊರಟಳು. ಪಾರ್ಕು, ಬಸ್ ಸ್ಟಾಪು, ಅಂಗಡಿ ಸಾಲು... ಎಲ್ಲೂ ಇಲ್ಲ. ಬೆಳಗಿನ ತನಕ ಆ ಚಳಿ ತಡೆಯೋ ಜೀವ ಅಲ್ಲ ಅದು. ದೇವರೇ, ಹೆಣ ನೋಡೋ ಹಾಗೆ ಮಾಡಬೇಡಪ್ಪಾ ಅಂತ ಅಳುತ್ತಾ ಓಡಿದಳಂತೆ.

ಚಳಿಗಾಲ ನೋಡಿ, ನಾಲ್ಕಕ್ಕೇ ಕತ್ತಲು. ಗೋಡೌನುಗಳ ಹಿಂದೆ ಒಂದು ಶೆಡ್ ಇದೆ. ಅದರಲ್ಲಿ ಒಂದು ಹಳೇ ಮಿಲಿಟರಿ ವಿಮಾನ... ಅರ್ಧ ವಿಮಾನ, ಅರ್ಧ ದೋಣಿ. ಎರಡು ಮಹಾಯುದ್ಧಗಳ ನಡುವೆ ಕಟ್ಟಿದ್ದು. ಸಮುದ್ರದ ಮೇಲೇ ಇಳಿದು ಅಲ್ಲೇ ಲಂಗರು ಹಾಕೋದು. ಹೊಟ್ಟೆ ಪೂರಾ ಮರ, ಸಿಪಾಯಿಗಳು ಅದರೊಳಗೇ ಉಂಡು ಮಲಗೋರು. ಮರ ನೀರು ಕುಡಿದು ಭಾರವಾಗೋದು, ಸೋರೋದು, ಪಂಪ್ ಹೊಡೆದು ನೀರು ಖಾಲಿ ಮಾಡಬೇಕು. ಅದಕ್ಕೇ ಆಮೇಲೆ ಲೋಹದ್ದು ಮಾಡಿದರಂತೆ. ರೆಕ್ಕೆ ಹೋದ ಈ ಮರದ್ದನ್ನ ಯಾರೋ ಹವ್ಯಾಸಿ ಮುದುಕರು ರಿಪೇರಿ ಮಾಡ್ತಿದ್ದಾರೆ.

ಸುವರ್ಣಾ ಶೆಡ್ ದಾಟುವಾಗ ಒಳಗಿಂದ ಕೇಳಿಸಿತು...

"ಬಾಯ್ಲೆ..."

ಬಾ ಇಲ್ಲೆ. ನಮ್ಮ ಧಾರವಾಡದ ಕರೆ. ಕತ್ತಲಲ್ಲಿ ಮೂರು ಸಲ ಕರೆಯೋ ತನಕ ಓಗೊಡಬಾರದು ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇವಳು ಮೊದಲನೇದಕ್ಕೇ "ಬಂದೆ ಮಾಮಾ" ಅಂದುಬಿಟ್ಟಳು.

ಬಾಗಿಲು ಓರೆಯಾಗಿತ್ತು. ಗ್ಳಕ್... ಸುಸ್ಸ್. ಗ್ಳಕ್... ಸುಸ್ಸ್. ಕೈಪಂಪಿನ ಸದ್ದು. ಏಣಿ ಹತ್ತಿ ದೋಣಿಯೊಳಗೆ ಮೊಬೈಲ್ ಬೆಳಕು ಬಿಟ್ಟಳು. ಸದ್ದು ನಿಂತಿತು. ತಳದಲ್ಲಿ ವೀರಣ್ಣನವರು ಕೂತಿದ್ದರು. ಬರೀ ಪೈಜಾಮ, ಬನಿಯನ್ನು. ಆ ಚಳಿಯಲ್ಲೂ ಮೈಯೆಲ್ಲ ಬೆವರು. ಜೀವ ಇತ್ತು.

"ಮಾಮಾ, ಇಲ್ಲೇನ್ ಮಾಡಾಕತ್ತೀರಿ?"

"ಅಂವ ಕರದ್ನಲ್ಲ... ಪಾಪ, ಒಬ್ಬಾವನ ನೀರ ಹೊರಗ ಹಾಕಾಕತ್ತಿದ್ದ."

"ಯಾರು?"

ಅವರು ಅವಳ ಬೆನ್ನ ಹಿಂದೆ ಬೆರಳು ತೋರಿಸಿದರು. ಅವಳು ತಿರುಗಿ ನೋಡಲಿಲ್ಲ. ಮಾವನ ಕೈ ಹಿಡಿದು ಎಳಕೊಂಡೇ ಬಂದಳು.

ಮಾರನೇ ದಿನ ಸೂರಜ ಹೋಗಿ ಆ ಮುದುಕರಲ್ಲಿ ಒಬ್ಬನನ್ನ ಕೇಳಿದ. ಆತ ಹೇಳಿದ. ಆ ವಿಮಾನ ಸಮುದ್ರದಲ್ಲಿದ್ದ ಕಾಲದಲ್ಲಿ ಒಂದು ಬಿರುಗಾಳಿ ರಾತ್ರಿ ಲಂಗರಿನ ಹಗ್ಗ ನೋಡೋಕೆ ಹೊರಗೆ ಹೋದ ಸಿಪಾಯಿ ಹುಡುಗ ವಾಪಸ್ ಬರಲಿಲ್ಲವಂತೆ. ಒಳಗಿದ್ದ ಜೊತೆಗಾರ ಬೆಳಗಿನ ತನಕ ಒಬ್ಬನೇ ಪಂಪ್ ಹೊಡೀತಾ ಅವನ ಹೆಸರು ಹಿಡಿದು ಕೂಗಿದನಂತೆ. ಹುಡುಗನ ಹೆಸರು ಬೇಯ್ಲಿ. ಆ ಜೊತೆಗಾರ ಲಂಡನ್ನಿನ ಈಸ್ಟ್ ಎಂಡಿನವನು. ಅವರ ಬಾಯಲ್ಲಿ ಅದು ಹೇಗೆ ಬರುತ್ತೆ ಅಂತ ಮುದುಕನೇ ಕೂಗಿ ತೋರಿಸಿದ... "ಬಾಯ್ಲಿ!"



ನೀವು ಏನಾದರೂ ಅನ್ನಿ. ಆ ದೋಣಿಯೊಳಗೆ ಪಂಪೇ ಇಲ್ಲ, ಕಿತ್ತು ಎಷ್ಟೋ ವರ್ಷ ಆಯ್ತು. ತಳ ಒಣಗಿ ಬಿರುಕು ಬಿಟ್ಟಿದೆ. ಆದರೆ ಮಾವನ ಪೈಜಾಮ ಮೊಣಕಾಲಿನ ತನಕ ಒದ್ದೆ ಇತ್ತು. ಒಣಗಿದ ಮೇಲೆ ಅದರ ತುಂಬ ಬಿಳಿ ಪುಡಿ. ಸುವರ್ಣಾ ಇನ್ನೂ ಅದನ್ನ ಒಗೆದಿಲ್ಲ. ನಾನೇ ಬೆರಳಲ್ಲಿ ಉಜ್ಜಿ ನಾಲಿಗೆಗೆ ಇಟ್ಟು ನೋಡಿದ್ದೀನಿ.

ಉಪ್ಪು.