ಮೂವತ್ತು ಅಡಿಯೊಳಗೆ

ಆ ಕಿಟಕಿ ಮುಚ್ಚಿ, ಆಮೇಲೆ ಹೇಳ್ತೀನಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು.

ರಾತ್ರಿ ಹನ್ನೊಂದೂವರೆ. ಅಣ್ಣ ಅಂಗಡಿ ಶಟರ್ ಎಳೆದು ಮನೆಗೆ ಹೊರಟಿದ್ದ. ಹಳೇ ಲ್ಯಾಪ್‌ಟಾಪ್ ರಿಪೇರಿ ಅವನ ಕಸುಬು. ಬ್ಯಾಟರಿ ಬದಲಿಸೋದು, ವೈಫೈ ಸತ್ತಿದ್ದರೆ ಡಾಂಗಲ್ ಹಾಕೋದು, ಮೌಸು ಕೀಬೋರ್ಡು ಮಾರೋದು. ದಾರಿ ಹಳೇ ಬಾವಿ ಪಕ್ಕದಲ್ಲೇ ಹೋಗುತ್ತೆ. ಎರಡೂ ಕೈಯಲ್ಲಿ ಒಂದು ಲ್ಯಾಪ್‌ಟಾಪ್ ಹಿಡಿದಿದ್ದ, ಊಟದ ತಟ್ಟೆ ಹಿಡಿದ ಹಾಗೆ, ತೆರೆದೇ. ಯಾಕೆ ಅಂದರೆ ಅದು ಹನ್ನೆರಡು ವರ್ಷದ ಮುದಿ ಯಂತ್ರ. ಒಂದು ಸಲ ಆಫ್ ಆದರೆ ಮತ್ತೆ ಏಳೋದು ಅನುಮಾನ. ಇಡೀ ಸಂಜೆ ಒದ್ದಾಡಿ ಡಾಂಗಲ್ ಕೂರಿಸಿದ್ದ. ಬೆಳಿಗ್ಗೆ ಗಿರಾಕಿಗೆ ಕೊಡಬೇಕು. ಅದಕ್ಕೇ ಆಫ್ ಮಾಡದೆ, ಮುಚ್ಚದೆ ಹೊತ್ತುಕೊಂಡು ಹೊರಟಿದ್ದ ಪುಣ್ಯಾತ್ಮ.

ಆ ಲ್ಯಾಪ್‌ಟಾಪ್ ನಮ್ಮ ಬೀದಿಯ ಟೈಪಿಂಗ್ ಅಕ್ಕನದು. ಎಲ್ಲರ ಅರ್ಜಿ, ಪತ್ರ ಅವಳೇ ಟೈಪ್ ಮಾಡಿಕೊಡುತ್ತಿದ್ದಳು. ಅಷ್ಟು ಬೇಗ ಬೆರಳಾಡಿಸೋರನ್ನ ನಾನು ಇನ್ನೂ ನೋಡಿಲ್ಲ. ಒಂದು ದಿನ ಅಕ್ಕ ಕಾಣಲಿಲ್ಲ. ಗಂಡ ವೆಲ್ಡಿಂಗ್ ಕೆಲಸದವನು. "ಯಾರ ಜೊತೆಗೋ ಓಡಿಹೋದಳು" ಅಂದ. ಬೀದಿಯೆಲ್ಲ ನಂಬಿತು. ನಾನೂ ನಂಬಿದೆ. ಅದನ್ನ ನೆನೆಸಿಕೊಂಡರೆ ನನಗೆ ಇವತ್ತಿಗೂ ನಾಚಿಕೆ. ನಾಲ್ಕು ತಿಂಗಳು ಬಿಟ್ಟು ಅವನೇ ಲ್ಯಾಪ್‌ಟಾಪ್ ತಂದು ಅಣ್ಣನಿಗೆ ಮಾರಿದ.

ಅದರ ಸ್ವಂತ ಕೀಗಳು ಯಾವತ್ತೋ ಕೆಟ್ಟಿದ್ದವು. ಅಕ್ಕ ವೈರಿಲ್ಲದ ಕೀಬೋರ್ಡ್ ಇಟ್ಟುಕೊಂಡಿದ್ದಳು. ಅದರ ಸಿಗ್ನಲ್ ಹಿಡಿಯೋ ರಿಸೀವರ್, ಕಿರುಬೆರಳ ಉಗುರಿನಷ್ಟು ಚೂರು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಸಿಕ್ಕಿಸಿದ ಹಾಗೇ ಉಳಿದಿತ್ತು. ಬೇರೆಯವರಾದರೆ ಕಿತ್ತು ಬಿಸಾಡ್ತಾರೆ. ಅಣ್ಣ ಕೀಳಲ್ಲ. ಜೋಡಿ ಸಿಗೋ ತನಕ ರಿಸೀವರ್ ಮುಟ್ಟಬಾರದು ಅನ್ನೋದು ಅವನ ಪದ್ಧತಿ.

ಅವತ್ತು ಸಂಜೆ ವೆಲ್ಡಿಂಗಿನವನು ಅಂಗಡಿಗೆ ಬಂದಿದ್ದ.

"ಆ ಚೂರು ವಾಪಸ್ ಕೊಡು."

"ನೀನೇ ಕೀಬೋರ್ಡ್ ತಂದುಕೊಡು. ಸೇರಿಸಿ ಮಾರ್ತೀನಿ."

"ಅದಿಲ್ಲ. ಅವಳು ತಗೊಂಡು ಹೋದಳು."

ಅಣ್ಣನ ಬಾಯಿ ಸುಮ್ಮನಿರಬೇಕಲ್ಲ. "ಓಡಿಹೋಗೋರು ಬಟ್ಟೆ ಬಿಟ್ಟು ಕೀಬೋರ್ಡ್ ತಗೊಂಡು ಹೋಗ್ತಾರಾ? ಇಲ್ಲೇ ಎಲ್ಲೋ ಇರುತ್ತೆ ಬಿಡು. ಮೂವತ್ತು ಅಡಿ ಹತ್ತಿರ ಹೋದರೆ ಸಾಕು, ಈ ಚೂರೇ ಹಿಡಿದುಕೊಡುತ್ತೆ."

ತಮಾಷೆಗೆ ಅಂದಿದ್ದು. ವೆಲ್ಡಿಂಗಿನವನ ಮುಖ ಬಿಳಿಚಿಕೊಂಡಿತು. ಎದ್ದುಹೋದ. ಇವನ ತಲೆಗೆ ಏನೂ ಹೋಗಲಿಲ್ಲ.

ಸರಿ... ಬಾವಿ ಹತ್ತಿರ ಬಂದ. ಚಪ್ಪಲಿಯ ಸರಕ್ ಸರಕ್, ಲ್ಯಾಪ್‌ಟಾಪಿನ ಫ್ಯಾನಿನ ಗುಂಯ್. ಬೇರೆ ಸದ್ದಿಲ್ಲ. ಆಗ...

ಟಕ್.

ಅಣ್ಣ ನಿಂತ.

ಟಕ ಟಕ ಟಕ ಟಕ... ಬಾವಿಯೊಳಗಿಂದ. ಕೀ ಒತ್ತುವ ಸದ್ದು. ಹತ್ತೂ ಬೆರಳು ಒಟ್ಟಿಗೆ ಓಡುವ ವೇಗ. ನೀರೊಳಗಿಂದ ಒಂದು ಅಡಿಯೂ ಸಿಗ್ನಲ್ ಬರಲ್ಲ ಅಂತ ಅವನಿಗೆ ಗೊತ್ತು, ಅದೇ ಅವನ ಕೆಲಸ. ಆದರೂ ಪರದೆ ಮೇಲೆ ಬಿಳಿ ಹಾಳೆ ತೆರೆದುಕೊಂಡಿತು. ಒಂದೊಂದೇ ಅಕ್ಷರ ಬಂತು.

"ಮಾನ್ಯರೇ,"

ಅಕ್ಕ ಯಾರ ಅರ್ಜಿ ಬರೆದರೂ ಹಾಗೇ ಶುರು. ಹಾಲಿನವನ ಬಾಕಿ ಚೀಟಿಗೂ ಅದೇ.

"ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,"

ಅಣ್ಣ ಓದುತ್ತ ನಿಂತ.

"ತಮ್ಮ ಹಿಂದೆ"

ತಿರುಗಿದ. ತಲೆಗೆ ಅಂತ ಬೀಸಿದ್ದ ಕಬ್ಬಿಣದ ಸರಳು ಹೆಗಲಿಗೆ ಬಿತ್ತು. ಲಟಕ್. ಮೂಳೆ ಮುರಿದ ಸದ್ದು ತನಗೇ ಕೇಳಿಸಿತಂತೆ. ಪಾಪ, ಅಕ್ಕ ಆ ವಿನಂತಿಯ ವಾಕ್ಯ ಒಂದು ಬಿಟ್ಟಿದ್ದರೆ ಇವನ ಹೆಗಲು ಉಳೀತಿತ್ತು. ಅಭ್ಯಾಸ ಬಿಡಬೇಕಲ್ಲ.

ಲ್ಯಾಪ್‌ಟಾಪ್ ನೆಲಕ್ಕೆ ಬಿತ್ತು. ಎರಡನೇ ಏಟು ಮಂಡಿಗೆ. ಮೂರನೇದು ಪಕ್ಕೆಗೆ, ಧಪ್. ವೆಲ್ಡಿಂಗಿನವನು ಕಿರುಚಲಿಲ್ಲ. ಪಿಸುಗುಟ್ಟುತ್ತಲೇ ಹೊಡೆದ.

"ಒಳ್ಳೆ ಮಾತಲ್ಲಿ ಕೇಳಿದೆ. ಕೊಡಲಿಲ್ಲ ನೀನು."

"ಅಕ್ಕನ್ನ... ಏನು ಮಾಡಿದೆ?"

"ಅವಳೂ ಹೇಳಿದ ಮಾತು ಕೇಳ್ತಿರಲಿಲ್ಲ. ಕೆಳಗೆ ಇದಾಳೆ. ನೀನೂ ಹೋಗು."

ಕೂದಲು ಹಿಡಿದು ಬಾವಿಕಟ್ಟೆ ತನಕ ದರದರ ಎಳೆದ. ಮುಖವನ್ನ ಕಲ್ಲಿಗೆ ಬಡಿದ. ಒಂದು ಸಲ... ಇನ್ನೊಂದು ಸಲ. ಎರಡು ಹಲ್ಲು ರಕ್ತದ ಜೊತೆ ಬಾವಿಗೆ ಬಿದ್ದವು. ಅಣ್ಣನ ಅರ್ಧ ಮೈ ಕಟ್ಟೆಯಾಚೆ ನೇತಾಡುತ್ತಿತ್ತು. ಅವನಿಗೆ ತನ್ನ ಮಗಳೊಬ್ಬಳೇ ನೆನಪಾದಳಂತೆ.

ಆಗ ಆ ಸದ್ದು ಮೇಲಕ್ಕೆ ಬರತೊಡಗಿತು.

ಟಕ ಟಕ ಟಕ... ನೀರಿನ ಹತ್ತಿರ. ಟಕ ಟಕ... ಅರ್ಧ ಬಾವಿ. ಟಕ... ಕಟ್ಟೆಯ ಒಳಗೋಡೆಯಲ್ಲೇ.

ವೆಲ್ಡಿಂಗಿನವನು ಅಣ್ಣನನ್ನ ಬಿಟ್ಟ. ಸರಳು ಎತ್ತಿ ಹಿಡಿದು ಒಳಗೆ ಬಗ್ಗಿದ. ಅಷ್ಟೇ. ಅಣ್ಣನಿಗೆ ಕಂಡಿದ್ದು ಮೇಲೆದ್ದ ಎರಡು ಕಾಲು. ಅವನು ಜಾರಿದ ಹಾಗಿರಲಿಲ್ಲ, ಯಾರೋ ಕತ್ತುಪಟ್ಟಿ ಹಿಡಿದು ಎಳೆದ ಹಾಗಿತ್ತು. ತಲೆ ಗೋಡೆಗೆ ಬಡಿದ ಸದ್ದು, ಧಡ್. ಆಮೇಲೆ ನೀರು. ಆಮೇಲೆ ಕೂಗು. ಮೂರು ಸಲ ಕೂಗಿದ. ನಾಲ್ಕನೇ ಸಲದ್ದು ಗೊರ್ ಗೊರ್ ಅಂತ ಗಂಟಲಲ್ಲೇ ನಿಂತುಹೋಯಿತು.

ಅಣ್ಣ ತೆವಳಿಕೊಂಡು ಬಂದು ನಮ್ಮ ಬಾಗಿಲು ಬಡಿದಾಗ ಒಂದು ಗಂಟೆ. ನಾನೇ ತೆಗೆದೆ. ಮುಖ ನೋಡಿ ಮೊದಲು ಅವನು ಅಂತ ಗೊತ್ತಾಗಲಿಲ್ಲ.

ಬೆಳಕು ಹರಿಯೋ ಮೊದಲೇ ಪೊಲೀಸರು ಹಗ್ಗ ಇಳಿಸಿದರು. ಮೊದಲು ಬಂದಿದ್ದು ವೆಲ್ಡಿಂಗಿನವನ ಹೆಣ. ಆಮೇಲೆ ಒಂದು ಮೂಟೆ. ಓಡಿಹೋದಳು ಅಂದಿದ್ದ ಬೀದಿಯೆಲ್ಲ ಸುತ್ತ ನಿಂತಿತ್ತು. ಒಬ್ಬರೂ ತಲೆ ಎತ್ತಲಿಲ್ಲ. ನಾನು ಅತ್ತೆ.

ಮೂಟೆಯೊಳಗೆ ಅಕ್ಕ ಇದ್ದಳು. ಎದೆ ಮೇಲೆ ಆ ಕೀಬೋರ್ಡ್. ಅದರಲ್ಲಿ ಅಲ್ಲಲ್ಲಿ ಕೀಗಳಿರಲಿಲ್ಲ. ಎಣಿಸಿದರು, ಹದಿನಾಲ್ಕು. ಮಧ್ಯಾಹ್ನ ಆಸ್ಪತ್ರೆಯಲ್ಲಿ ವೆಲ್ಡಿಂಗಿನವನ ಗಂಟಲು ಕೊಯ್ದಾಗ ಹದಿನಾಲ್ಕೂ ಸಿಕ್ಕವು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಮೂಟೆಯ ಬಾಯಿಗೆ ದಪ್ಪ ತಂತಿ ಆರು ಸುತ್ತು ಬಿಗಿದಿತ್ತು, ಒಂದು ಸುತ್ತೂ ಸಡಿಲವಾಗಿರಲಿಲ್ಲ. ಕಟ್ಟರ್ ಹಾಕಿ ಕತ್ತರಿಸುವಾಗ ಟಾರ್ಚ್ ಹಿಡಿದಿದ್ದವನು ನಾನೇ.